ಸೋಮವಾರದ ಎತ್ತುಗಳು

ತನಗೆ ಗೊತ್ತಿಲ್ಲದ್ದನ್ನು ಧೈರ್ಯವಾಗಿ ಹೇಳುವವನಿಗೆ ನಮ್ಮ ಕಡೆ ಎರಡು ಹೆಸರಿವೆ. ಬೀದಿಯಲ್ಲಿ ನಿಂತು ಹೇಳಿದರೆ ಬುಡಬುಡಿಕೆಯವನು. ನಾಲ್ಕು ಗೋಡೆಗಳ ನಡುವೆ ನಿಂತು ಹೇಳಿದರೆ ಮಾಸ್ತರ. ಬುಡಬುಡಿಕೆಯವನಿಗೆ ಜನ ಒಂದು ಹಿಡಿ ಜೋಳ ಹಾಕಿ ಮುಂದಿನ ಮನೆಗೆ ಕಳಿಸುತ್ತಾರೆ. ಮಾಸ್ತರನಿಗೆ ಹಾಗಲ್ಲ, ಹೆತ್ತ ಮಕ್ಕಳನ್ನೇ ಒಪ್ಪಿಸಿ ಹೋಗುತ್ತಾರೆ. ಈ ಎರಡು ಕಸುಬುಗಳಲ್ಲಿ ಯಾವುದು ಹೆಚ್ಚು ಮರ್ಯಾದೆಯದು ಎಂಬ ಬಗ್ಗೆ ನನಗೆ ಅನುಮಾನವಿದೆ. ಬುಡಬುಡಿಕೆಯವನು ಹೇಳಿದ್ದು ಸುಳ್ಳಾದರೆ ಆ ಓಣಿಯನ್ನೇ ತಪ್ಪಿಸಿ ತಿರುಗುತ್ತಾನೆ, ಅಷ್ಟಾದರೂ ನಾಚಿಕೆ ಅವನಿಗಿದೆ. ನಾನು ಮಾತ್ರ ಮರುದಿನ ಅದೇ ಕುರ್ಚಿಯಲ್ಲಿ ಕುಳಿತು ಹಾಜರಿ ಕರೆಯುತ್ತಿದ್ದೆ.

ನಾನು ಕಲಿಸಬೇಕಾಗಿ ಬಂದದ್ದು ಒಕ್ಕಲುತನದ ಚರಿತ್ರೆ. ಕೇಳಬೇಕಾಗಿದ್ದವರು ಒಕ್ಕಲು ಮಕ್ಕಳು. ನಾನೋ, ಹೊಸಪೇಟೆಯ ಬಟ್ಟೆ ಅಂಗಡಿಯ ಗುಮಾಸ್ತನ ಮಗ. ನಮ್ಮ ಮನೆಯ ಬೆಳೆ ಎಂದರೆ ಕಟ್ಟೆಯ ಮೇಲಿನ ತುಳಸಿ. ಅದೂ ಬೇಸಿಗೆಯಲ್ಲಿ ಒಣಗಿ ಅಮ್ಮನ ಕೈಲಿ ಬೈಸಿಕೊಳ್ಳುತ್ತಿತ್ತು. ಇಂಥವನು ಕಂಪ್ಲಿಯ ಹತ್ತಿರದ ಒಂದು ಊರಿಗೆ (ಹೆಸರು ಬೇಡ, ಅಲ್ಲಿಯವರು ಇನ್ನೂ ಬದುಕಿದ್ದಾರೆ) ಹಂಗಾಮಿ ಮಾಸ್ತರನಾಗಿ ಹೋಗಿ, ಕಾಲುವೆಯ ನೀರಿನಲ್ಲಿ ಕಾಲು ತೊಳೆದೇ ಶಾಲೆಗೆ ಬರುವ ಹುಡುಗರನ್ನು "ನೀರಾವರಿ ಎಂದರೇನು?" ಎಂದು ಕೇಳಬೇಕು. ಅತ್ತೆಯ ಜೊತೆ ವರ್ಷಗಟ್ಟಲೆ ಬಾಳಿದ ಸೊಸೆಯನ್ನು ಎದುರಿಗೆ ಕೂರಿಸಿಕೊಂಡು, ಅತ್ತೆ ಎಂದರೆ ಯಾರು ಎಂದು ವಿವರಿಸಿದ ಹಾಗೆ. ಸೊಸೆಯಾದರೆ ಸೆರಗು ಅಡ್ಡ ಹಿಡಿದು ನಕ್ಕಾಳು. ಆ ಹುಡುಗರು ನಗುತ್ತಿರಲಿಲ್ಲ. ಬಾಯಿಪಾಠ ಮಾಡಿಕೊಳ್ಳುತ್ತಿದ್ದರು.

ಆಗ ನಮ್ಮ ಸೀಮೆ ಮದ್ರಾಸ್ ಸರ್ಕಾರಕ್ಕೆ ಸೇರಿತ್ತು, ಪುಸ್ತಕವೂ ಅಲ್ಲಿಂದಲೇ ಬಂದಿತ್ತು. ಮನುಷ್ಯ ಮೊದಲು ಬೇಟೆಯಾಡಿದ, ಆಮೇಲೆ ದನ ಕಾಯ್ದ, ಆಮೇಲೆ ಉತ್ತ. ಮೂರು ಯುಗ, ಮೂರು ಚಿತ್ರ. ಮೂರನೆಯ ಚಿತ್ರದಲ್ಲಿ ರೈತನೊಬ್ಬ ತೆಂಗಿನ ಮರಗಳ ನಡುವೆ ಏತದ ಮೇಲೆ ನಿಂತು ನಗುತ್ತಿದ್ದ. ಅದರ ಕೆಳಗೆ, "ರೈತನ ಜೀವನವು ಸರಳ, ಆರೋಗ್ಯಕರ ಮತ್ತು ಸಂತೋಷಮಯ" ಎಂದಿತ್ತು. ಏತವನ್ನು ನಮ್ಮ ಹುಡುಗರು ಕಂಡವರಲ್ಲ. ಹಳೆಯ ಅರಸರ ಕಾಲುವೆ ಇರುವ ಕಡೆ ನೀರು ತಾನಾಗಿ ಬರುತ್ತದೆ. ಜಗಳವನ್ನು ಮಾತ್ರ ಮನುಷ್ಯರು ಮಾಡಬೇಕು. ಹಿಂದಿನ ಸಾಲಿನಿಂದ ಒಬ್ಬ ಎದ್ದು ಕೇಳಿದ: "ಸಾರ್, ಈ ಮನುಷ್ಯಾ ಕಟ್ಟಿಗಿ ಮ್ಯಾಗ ಯಾಕ ಹತ್ಯಾನ್ರಿ? ಯಾರರ ಹೊಡ್ಯಾಕ ಬೆನ್ನತ್ಯಾರೇನ್ರಿ?"

"ಅದು ಏತ. ಬಾವಿಯಿಂದ ನೀರು ಎತ್ತುವುದು."

"ಆ ಊರಾಗ ಕಾಲುವಿ ಇಲ್ಲೇನ್ರಿ?"

"ಇಲ್ಲ."

"ಮತ್ಯಾಕ ನಗಾಕತ್ಯಾನ್ರಿ?"

ಇದಕ್ಕೆ ಮದ್ರಾಸಿನವರು ಉತ್ತರ ಬರೆದಿರಲಿಲ್ಲ. ಸಂಡೂರಿನಲ್ಲಿ ಮಾಸ್ತರನಾಗಿದ್ದ ನನ್ನ ಗೆಳೆಯನನ್ನು ಒಮ್ಮೆ ಕೇಳಿದ್ದೆ. ಸಂಡೂರು ಅರಸರ ಸೀಮೆ, ಮದ್ರಾಸಿನ ಪುಸ್ತಕ ಆ ಗುಡ್ಡ ಹತ್ತುವುದಿಲ್ಲ. ನಿಮ್ಮಲ್ಲಿ ಒಕ್ಕಲುತನದ ಚರಿತ್ರೆಯನ್ನು ಹೇಗೆ ಕಲಿಸುತ್ತೀರಿ ಎಂದರೆ ಅವನು, "ನಮ್ಮಲ್ಲಿ ಒಕ್ಕಲುತನ ಹೊಲದವರದು, ಚರಿತ್ರೆ ಅರಮನೆಯವರದು. ಎರಡನ್ನೂ ಕೂಡಿಸಿದರೆ ನನ್ನ ಕೆಲಸ ಹೋಗುತ್ತದೆ" ಅಂದ. ಜಾಣ. ಈಗ ಪಿಂಚಣಿ ತೆಗೆದುಕೊಳ್ಳುತ್ತಿದ್ದಾನೆ.

ಏತದವನು ಯಾಕೆ ನಗುತ್ತಾನೆ ಎಂದು ಕೇಳಿದ ಹುಡುಗನ ಹೆಸರು ಪಂಪಾಪತಿ. ಕೊನೆಯ ತರಗತಿಯಲ್ಲಿದ್ದ. ಅವನ ಅಪ್ಪ ಈರಣ್ಣ ಪಾಲಿಗೆ ಗೇಯುವವನು. ಎಂದರೆ ಹೊಲ ಬೇರೆಯವರದು, ಬೆವರು ತನ್ನದು, ಬೆಳೆ ಇಬ್ಬರದು. ಹೊಲದ ಒಡೆಯರು ಅಕ್ಕಿ ಗಿರಣಿಯ ಶೇಖರಪ್ಪ ಸಾಹುಕಾರರು. ಅವರ ಮಗ ಚೆನ್ನವೀರನೂ ಅದೇ ತರಗತಿಯಲ್ಲಿದ್ದ. ಚೆನ್ನವೀರ ಕೆಟ್ಟ ಹುಡುಗನಲ್ಲ. ಕೆಟ್ಟವನಾಗಿದ್ದರೆ ನನಗೆ ಇದನ್ನು ಬರೆಯುವುದು ಸುಲಭವಾಗುತ್ತಿತ್ತು. ಕೊಬ್ಬರಿ ಬೆಲ್ಲ ತಂದರೆ ಎಲ್ಲರಿಗೂ ಹಂಚಿ ತಿನ್ನುತ್ತಿದ್ದ. ಪಾಠ ಮಾತ್ರ ಅವನ ತಲೆಗೆ ಹತ್ತುತ್ತಿರಲಿಲ್ಲ, ಅದು ಹತ್ತಬೇಕೆಂದು ಅವನಿಗೂ ಅವನ ಮನೆಯವರಿಗೂ ಹಟವಿರಲಿಲ್ಲ.

ಆ ವರ್ಷ ಮೇಲಿನಿಂದ ಒಂದು ಸುದ್ದಿ ಬಂತು. ಹೊಸಪೇಟೆಯ ದೊಡ್ಡ ಶಾಲೆಯಲ್ಲಿ ಊಟ, ವಸತಿ ಸಮೇತ ಒಂದು ಜಾಗ ನಮ್ಮ ಶಾಲೆಯ ಪಾಲಿಗೆ ಇದೆ. ಅದು ರೈತನ ಮಗನಿಗೇ ಸಿಗಬೇಕು. ಇನ್ಸ್‌ಪೆಕ್ಟರ್ ಸಾಹೇಬರು ಬಂದು ಒಕ್ಕಲುತನದ ಚರಿತ್ರೆಯ ಪಾಠ ನೋಡಿ, ಪ್ರಶ್ನೆ ಕೇಳಿ, ಹುಡುಗನನ್ನು ಆರಿಸುತ್ತಾರೆ. ನಮ್ಮ ಶಾಲೆಯಲ್ಲಿ ಆ ಜಾಗಕ್ಕೆ ಪಂಪಾಪತಿಯನ್ನು ಬಿಟ್ಟರೆ ಇನ್ನೊಬ್ಬನಿರಲಿಲ್ಲ. ನಾನು ಈರಣ್ಣನಿಗೆ ಹೇಳಲು ಹೋದಾಗ ಅವನು ಕಾಲುವೆಯ ದಂಡೆಯಲ್ಲಿ ಎತ್ತುಗಳ ಮೈ ತೊಳೆಯುತ್ತಿದ್ದ. ತಿರುಗಿ ನೋಡದೆಯೇ ಹೇಳಿದ:

"ಸೀಟು ಸಿಕ್ರ ಓದ್ಲಿ ಮಾಸ್ತರ್ರ, ನಾ ಬ್ಯಾಡ ಅನ್ನಂಗಿಲ್ಲ. ಸಿಗಲಿಲ್ಲಂದ್ರ ಸಾಲಿ ಸಾಕು. ಕಬ್ಬು ಕಡ್ಯಾಕ ನನಗೊಂದು ಆಳು ಬೇಕು."

"ಸಿಗತೈತಿ ಈರಣ್ಣ, ನಾನದೀನಲ್ಲ," ಅಂದೆ. ನಾನು ಇದೀನಲ್ಲ ಎಂಬ ಮಾತನ್ನು ಜಗತ್ತಿನಲ್ಲಿ ಎಲ್ಲರಿಗಿಂತ ಸುಲಭವಾಗಿ ಹೇಳುವವರು ಹಂಗಾಮಿ ನೌಕರರು.

ಅಂದಿನಿಂದ ಪಂಪಾಪತಿಗೆ ದಿನಾ ಸಂಜೆ ಪಾಠ. ನನ್ನ ಕೆಲಸ ವಿಚಿತ್ರವಾಗಿತ್ತು. ಅವನಿಗೆ ಗೊತ್ತಿದ್ದುದನ್ನೆಲ್ಲ ಒಂದೊಂದಾಗಿ ಕಿತ್ತು, ಆ ಜಾಗದಲ್ಲಿ ಪುಸ್ತಕದ ಉತ್ತರ ನೆಡಬೇಕಿತ್ತು. ರೈತ ಯಾವಾಗ ಹೊಲಕ್ಕೆ ಹೋಗುತ್ತಾನೆ ಎಂದರೆ ಅವನು, "ಸಾವ್ಕಾರ್ರು ಹೇಳಿ ಕಳಿಸಿದಾಗ" ಅನ್ನುತ್ತಿದ್ದ. "ಅಲ್ಲಲೇ, ಹಕ್ಕಿಗಳ ಚಿಲಿಪಿಲಿ ಕೇಳುತ್ತಾ ಮುಂಜಾನೆ" ಎಂದು ನಾನು ತಿದ್ದುತ್ತಿದ್ದೆ. "ಹಕ್ಕಿ ಕೇಳಿದ್ರ ಹೊಡ್ಯಾಕ ಕವಣಿ ತಗೊಂಡು ಓಡತೀವ್ರಿ, ತೆನಿ ತಿಂತಾವು" ಅನ್ನುತ್ತಿದ್ದ. "ಅದು ಮನೆಯಲ್ಲಿ. ಸಾಹೇಬರ ಮುಂದೆ ಚಿಲಿಪಿಲಿ." ಅವನು ತಲೆಯಾಡಿಸಿ ಕಲಿತ. ಬೇಗ ಕಲಿತ. ತನ್ನ ಮನೆಯನ್ನು ಬೇರೆಯವರ ಮನೆಯೆಂಬಂತೆ ವರ್ಣಿಸುವ ವಿದ್ಯೆ ಬಂದರೆ ಅರ್ಧ ಶಿಕ್ಷಣ ಮುಗಿದ ಹಾಗೆ.

ಈ ನಡುವೆ ಎಲ್ಲ ಹುಡುಗರನ್ನೂ ಒಂದು ದಿನ ಹಂಪಿಗೆ ಕರೆದುಕೊಂಡು ಹೋದೆ. ಚರಿತ್ರೆಯನ್ನು ಕಣ್ಣಾರೆ ತೋರಿಸುವ ಉಮೇದು. ಬಜಾರಿನ ಕಲ್ಲು ಮಂಟಪಗಳ ಮುಂದೆ ನಿಂತು ಇಲ್ಲಿ ಮುತ್ತು ರತ್ನ ಮಾರುತ್ತಿದ್ದರು ಎಂದೆ. ಹುಡುಗರು ನೋಡಿದರು. ಮಂಟಪದಲ್ಲಿ ಯಾರೋ ಜೋಳದ ದಂಟು ಒಟ್ಟಿ ಎಮ್ಮೆ ಕಟ್ಟಿದ್ದರು. ಅರಸರು ತುಂಗಭದ್ರೆಗೆ ಕಟ್ಟೆ ಕಟ್ಟಿ ಕಾಲುವೆ ತೋಡಿದರು ಎಂದೆ. ಪಂಪಾಪತಿ, "ಅರಸರ ಅಗದ್ರೇನ್ರಿ?" ಅಂದ. ಅಗೆಸಿದರು ಎಂದೆ. "ಅಗದವ್ರ ಹೆಸರೇನ್ರಿ?" ಪುಸ್ತಕದಲ್ಲಿಲ್ಲ ಎಂದೆ. ಇದನ್ನು ನಾನು ಹಲವರ ಮುಂದೆ ಹೇಳಿದ್ದೇನೆ. ಹೇಳಿದ ಹಾಗೆಲ್ಲ ನುಣುಪಾಗುತ್ತಾ ಬಂದಿದೆ. ಈಚೆಗೆ ಹೇಳಿದಾಗ ಹುಡುಗ ಮಂಟಪದ ಕಂಬಕ್ಕೆ ಕೈ ಊರಿ ದೂರ ನೋಡುತ್ತಾ ಈ ಪ್ರಶ್ನೆ ಕೇಳುತ್ತಾನೆ, ಹಿಂದೆ ಸೂರ್ಯ ಮುಳುಗುತ್ತಿರುತ್ತಾನೆ. ಸೂರ್ಯನನ್ನು ಆಮೇಲೆ ಸೇರಿಸಿದವನು ನಾನು. ಆಗ ಮಟಮಟ ಮಧ್ಯಾಹ್ನ. ಹುಡುಗ ಪ್ರಶ್ನೆ ಕೇಳಿ ಉತ್ತರಕ್ಕೂ ಕಾಯದೆ ಪೇರಲ ಹಣ್ಣು ಮಾರುವವಳ ಹಿಂದೆ ಓಡಿದ್ದ. ನೆನಪು ಎನ್ನುವುದು ಚಿತ್ರದ ಏತದವನ ಹಾಗೆ, ಕಾರಣವಿಲ್ಲದೆ ನಗುತ್ತಿರುತ್ತದೆ. ಅದನ್ನು ಪೂರ್ತಿ ನಂಬಬೇಡಿ. ಮುಂದೆ ಹೇಳುವುದರಲ್ಲಿ ಚೆಂದವಾಗಿ ಕಾಣುವ ಯಾವುದಾದರೂ ಇದ್ದರೆ ಅದನ್ನು ನನ್ನ ಲೆಕ್ಕಕ್ಕೆ ಹಾಕಿ, ಕೊಳಕಾದದ್ದು ನಿಜ ಎಂದು ತಿಳಿಯಿರಿ.

ಸಾಹೇಬರು ಬರುವ ತಾರೀಖು ಗೊತ್ತಾಯಿತು. ನಮ್ಮ ಹೆಡ್‌ಮಾಸ್ತರು ಅನಂತಪುರದ ಕಡೆಯಿಂದ ವರ್ಗವಾಗಿ ಬಂದವರು. ಪೇಟೆಯಲ್ಲಿ ಹುಟ್ಟಿ ಬೆಳೆದವರು, ಬಹಳ ಶಿಸ್ತಿನ ಮನುಷ್ಯ. ಅವರು ಎಲ್ಲ ಮಾತನ್ನೂ ಮಾತಿದ್ದ ಹಾಗೇ ತೆಗೆದುಕೊಳ್ಳುತ್ತಿದ್ದರು; ನಗೆ ಎಂಬುದು ಅವರ ಸರ್ವೀಸಿನಲ್ಲಿ ಒಮ್ಮೆಯೂ ಬಂದಿರಲಿಲ್ಲ. ಪಾಠವನ್ನು ಬಾಯಲ್ಲಿ ಹೇಳದೆ ಅಂಗಳದಲ್ಲಿ ಆಡಿ ತೋರಿಸಬೇಕೆಂದು ಅವರೇ ಯೋಚಿಸಿದರು. ಮೊದಲು ಬೇಟೆಗಾರರು ಬರುತ್ತಾರೆ, ಆಮೇಲೆ ದನಗಾಹಿಗಳು, ಕೊನೆಗೆ ನಿಜವಾದ ನೇಗಿಲು, ನಿಜವಾದ ಎತ್ತು ಹೂಡಿಕೊಂಡು ರೈತ. ಎತ್ತು ಈರಣ್ಣನವು, ಎತ್ತಿನ ಹಿಂದೆ ಪಂಪಾಪತಿ. ಸಾಹೇಬರು ರೈತನನ್ನು ಪ್ರಶ್ನೆ ಕೇಳುತ್ತಾರೆ, ಪಂಪಾಪತಿ ಚಿಲಿಪಿಲಿ ಎಂದು ಉತ್ತರ ಹೇಳುತ್ತಾನೆ, ಜಾಗ ಸಿಗುತ್ತದೆ. ಈರಣ್ಣ ಖುಷಿಯಿಂದ ಒಪ್ಪಿದ. ನಾವು ಅವನಿಗೆ ತಾರೀಖು ಹೇಳಿದ್ದೆವು. ಅವನು ಬದುಕುತ್ತಿದ್ದದ್ದು ವಾರದ ಮೇಲೆ, ಹುಣ್ಣಿಮೆ ಅಮಾವಾಸ್ಯೆಯ ಮೇಲೆ. ತಾರೀಖಿಗೂ ಒಂದು ವಾರ ಇರುತ್ತದೆ ಎಂಬುದು ಅವನಿಗೆ ಹೊಳೆಯಲಿಲ್ಲ. ನಮಗೂ ಹೊಳೆಯಲಿಲ್ಲ.

ಹಿಂದಿನ ಸಂಜೆ ಹೆಡ್‌ಮಾಸ್ತರೂ ನಾನೂ ನೆನಪು ಮಾಡಲು ಅವನ ಮನೆಗೆ ಹೋದೆವು.

"ನಾಳೆ ಬೆಳಿಗ್ಗೆ ಎತ್ತು ಬೇಗ ತಂದುಬಿಡಪ್ಪಾ," ಎಂದರು ಹೆಡ್‌ಮಾಸ್ತರು.

ಈರಣ್ಣ ಕಣ್ಣು ಅಗಲಿಸಿದ. "ನಾಳಿ? ನಾಳಿ ಸೋಮಾರ ಅಲ್ರೀ!"

"ಹೌದು, ಸೋಮವಾರ. ಅದಕ್ಕೇನು?"

"ಸೋಮಾರ ಎತ್ತು ಹೂಡಂಗಿಲ್ರಿ."

ನಮ್ಮ ಸೀಮೆಯಲ್ಲಿ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಸೋಮವಾರ ಶಿವನ ವಾರ, ಎತ್ತು ಬಸವಣ್ಣ. ಆ ದಿನ ಅದರ ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಮೇವು ಹಾಕಿ ಬಿಡುತ್ತಾರೆ. ವಾರಕ್ಕೊಂದು ದಿನ ರಜೆ ಎಂಬುದನ್ನು ದೊರೆಗಳು ಬಂದು ನಮಗೆ ಕಲಿಸಿದರು ಎಂದು ಪುಸ್ತಕದಲ್ಲಿತ್ತು. ನಮ್ಮ ಎತ್ತುಗಳಿಗೆ ಆ ಸಂಗತಿ ಯಾವಾಗಲೋ ಗೊತ್ತಿತ್ತು. ಎತ್ತಿನ ಹಿಂದೆ ನಡೆಯುವ ಆಳಿಗೆ ಮಾತ್ರ ಯಾರೂ ಹೇಳಿರಲಿಲ್ಲ. ಸೋಮವಾರ ಅವನು ಕಳೆ ಕೀಳುತ್ತಾನೆ.

"ಉಳುವುದು ಬೇಡಪ್ಪ. ಅಂಗಳದಲ್ಲಿ ಸುಮ್ಮನೆ ಒಂದು ಸುತ್ತು," ಎಂದರು ಹೆಡ್‌ಮಾಸ್ತರು.

"ಬಸವಣ್ಣಗ ಸುಮ್ಮನಿನ ನೊಗ ಬ್ಯಾರೆ, ಖರೇ ನೊಗ ಬ್ಯಾರೆ ಐತೇನ್ರಿ?"

"ಸಾಹೇಬರು ಅಷ್ಟು ದೂರದಿಂದ ಬರುತ್ತಾರೆ."

"ಬರ್ಲಿ ಬಿಡ್ರಿ. ಐತಾರ ಸಾಹೇಬ್ರಿಗೆ ರಜಾ ಐತಿಲ್ಲೋ? ಅವತ್ತು ಅವ್ರ ಹೆಗಲಿಗೆ ಏನರ ಇಡತೀರೇನು?"

ಹೆಡ್‌ಮಾಸ್ತರು ಸೋಲಲಿಲ್ಲ. ಪಕ್ಕದ ಓಣಿಯ ಖಾದರ್ ಸಾಬನಿಗೆ ಈ ಕಟ್ಟಳೆ ಇರಲಾರದು ಎಂದು ನನ್ನನ್ನೂ ಎಳೆದುಕೊಂಡು ಅಲ್ಲಿಗೆ ಹೋದರು. ಖಾದರ್ ಸಾಬ ಕೂರಿಸಿ, ನೀರು ಕೊಟ್ಟು, ಕೈಮುಗಿದ. "ನಂದೇನಿಲ್ಲ ಸಾರ್. ಆದ್ರ ಈ ಎತ್ತು ನಾ ತಂದಿದ್ದು ಸ್ವಾಮೇರ ಮಠದಿಂದ. ಇವಕ್ಕ ರೂಢಿ ಆಗೈತಿ. ಸೋಮಾರ ನೊಗ ಕಂಡ್ರ ಮಲಗೇಬಿಡ್ತಾವು. ಬಡಿದ್ರೂ ಏಳಂಗಿಲ್ಲ. ನಾ ಐದು ಹೊತ್ತು ನಮಾಜ್ ಮಾಡೋನು, ನನ್ನ ಎತ್ತು ಸೋಮಾರ ಮಾಡ್ತಾವು. ನಡೀತೈತಿ ಹಿಂಗ." ಊರಲ್ಲಿ ಇನ್ನು ಉಳಿದದ್ದು ಗ್ರಾಮದೇವತೆ ದ್ಯಾಮವ್ವನಿಗೆ ಬಿಟ್ಟ ಕೋಣ. ಅದು ಯಾರ ಹೊಲದಲ್ಲಾದರೂ ಮೇಯುತ್ತಿತ್ತು, ಯಾರ ಮಾತನ್ನೂ ಕೇಳುತ್ತಿರಲಿಲ್ಲ. ನಮ್ಮ ಇಲಾಖೆಗೆ ಹೊಂದುವ ಪ್ರಾಣಿ, ಆದರೆ ನೊಗಕ್ಕೆ ಆಗದು.

ತಿರುಗಿ ಈರಣ್ಣನ ಬಾಗಿಲಿಗೇ ಬಂದೆವು. ಹೆಡ್‌ಮಾಸ್ತರು, "ನೋಡಪ್ಪಾ, ನಿನ್ನ ಮಗನ ಸೀಟು ಇದರ ಮೇಲೆ ನಿಂತಿದೆ," ಎಂದುಬಿಟ್ಟರು. ಆ ಮಾತು ಆಡಬಾರದಿತ್ತು. ಈರಣ್ಣ ಎತ್ತಿನ ಕಡೆ ನೋಡಿದ. ಒಳಗೆ ಬುಡ್ಡಿಯ ಮುಂದೆ ಕುಳಿತು ಮೂರು ಯುಗಗಳನ್ನು ಒಪ್ಪಿಸಿಕೊಳ್ಳುತ್ತಿದ್ದ ಮಗನ ಕಡೆ ನೋಡಿದ. ಆಮೇಲೆ ಸಿಟ್ಟು ಬಂತು.

"ಅಷ್ಟು ಜರೂರಿದ್ರ ನನ್ನ ಮಗನ ಹೆಗಲಿಗೇ ಕಟ್ರಿ! ಅವಗೇನು ಸೋಮಾರಿಲ್ಲ, ಮಂಗಳಾರಿಲ್ಲ."

ಇದನ್ನು ಕೇಳಿದವರು ಯಾರಾದರೂ ತಲೆ ತಗ್ಗಿಸಿ ಮನೆಗೆ ಹೋಗುತ್ತಿದ್ದರು. ನಾನೂ ತಗ್ಗಿಸಿದೆ. ಹೆಡ್‌ಮಾಸ್ತರು ಶಾಲೆಯ ತಿರುವಿನಲ್ಲಿ ನಿಂತು, "ಒಳ್ಳೆ ಸಲಹೆ ಕೊಟ್ಟ ಆ ಮನುಷ್ಯ," ಅಂದರು.

ಮರುದಿನ ಬೆಳಿಗ್ಗೆ ಪಾತ್ರಗಳು ಬದಲಾದವು. ಎರಡು ಎತ್ತು ಬೇಕು: ಬಲಕ್ಕೆ ಪಂಪಾಪತಿ, ಎಡಕ್ಕೆ ಹುಲುಗಪ್ಪ ಎಂಬ ಗಟ್ಟಿಮುಟ್ಟಾದ ಹುಡುಗ. ಹಾಗಾದರೆ ರೈತ ಯಾರು? ನೇಗಿಲು ಬಂದದ್ದು ಸಾಹುಕಾರರ ಮನೆಯ ಅಟ್ಟದಿಂದ. ಸಾಹೇಬರು ಕೂರುವ ಕುರ್ಚಿ, ಅವರು ಕುಡಿಯುವ ಎಳನೀರು, ರೈತ ಸುತ್ತಿಕೊಳ್ಳಲು ಜರಿಯ ರುಮಾ‌ಲು, ಎಲ್ಲ ಅಲ್ಲಿಂದಲೇ. ಇಷ್ಟೆಲ್ಲ ಬಂದ ಮೇಲೆ ರೈತನೂ ಅಲ್ಲಿಂದಲೇ ಬರುವುದು ನ್ಯಾಯ. ನಾನು ಹೆಡ್‌ಮಾಸ್ತರ ಹತ್ತಿರ ಹೋಗಿ, "ಸಾರ್, ಪ್ರಶ್ನೆ ಪಂಪಾಪತಿಗೆ ಅಲ್ಲವೆ? ಅವನನ್ನು ರೈತ ಮಾಡೋಣ, ಚೆನ್ನವೀರ ಬೇಕಾದರೆ ಎತ್ತಾಗಲಿ," ಎಂದೆ.

"ಸಾಹುಕಾರರ ಮಗನ ಹೆಗಲಿಗೆ ನೊಗ ಕಟ್ಟುವುದೇ? ಕಟ್ಟಿ. ಕಟ್ಟಿದ ಮೇಲೆ ನೀವು ಇರುವ ಕೋಣೆ ಯಾರದು ಅಂತ ಒಮ್ಮೆ ನೆನಪು ಮಾಡಿಕೊಳ್ಳಿ."

ಕೋಣೆ ಸಾಹುಕಾರರದು. ಬಾಡಿಗೆ ಅವರು ಕೇಳುತ್ತಿರಲಿಲ್ಲ.

"ಗಾಬರಿ ಬೇಡ," ಎಂದು ಅವರೇ ಸಮಾಧಾನ ಹೇಳಿದರು. "ಮೊದಲು ಆಟ, ಆಮೇಲೆ ನೊಗ ಬಿಚ್ಚುವುದು, ಆಮೇಲೆ ಪ್ರಶ್ನೆ. ಆಗ ನಿಮ್ಮ ಪಂಪಾಪತಿ ಬೇಕಾದಷ್ಟು ಹೇಳಲಿ." ಇದು ನನಗೂ ಸರಿ ಕಂಡಿತು. ನೊಗ ಬಿಚ್ಚಿದ ಮೇಲೆ ಎಲ್ಲ ಸರಿಹೋಗುತ್ತದೆ ಎಂದು ನಂಬಿದವರ ಚರಿತ್ರೆಯನ್ನು ಇನ್ನೂ ಯಾರೂ ಪಾಠಕ್ಕೆ ಇಟ್ಟಿಲ್ಲ. ಪಂಪಾಪತಿಗೆ ಹೇಳಿದಾಗ ಅವನು ಬೇಸರ ಮಾಡಿಕೊಳ್ಳಲಿಲ್ಲ. "ನಾ ಬಲಗೋಲು ಎತ್ತೇನ್ರಿ?" ಎಂದು ಕೇಳಿದ. ಹೌದು ಎಂದೆ. "ಹಂಗಾರ ನಾ ನಮ್ಮ ಕೆಂದನ ಹಂಗ ನಡೀತೀನ್ರಿ," ಅಂದು ಮನೆಯ ಆ ಎತ್ತಿನ ಹಾಗೆ ಒಮ್ಮೆ ತಲೆ ಝಾಡಿಸಿ ತೋರಿಸಿದ. ಹುಡುಗರು ಹೋ ಎಂದು ನಕ್ಕರು. ಅವನೂ ನಕ್ಕ.

ಸಾಹೇಬರು ಜಟಕಾದಲ್ಲಿ ಬಂದರು. ತೆಲುಗು ಸೀಮೆಯವರು, ಅವರ ಕನ್ನಡ ಇಸ್ತ್ರಿ ಮಾಡಿದ ಕೋಟಿನ ಹಾಗೆ ಎಲ್ಲೂ ಮಡಿಕೆ ಬೀಳದೆ ನೆಟ್ಟಗಿತ್ತು. ಬೇವಿನ ನೆರಳಿನಲ್ಲಿ ಕುಳಿತರು. ಬೇಟೆಯ ಯುಗದವರು ಉತ್ಸಾಹದಲ್ಲಿ ನಿಜವಾಗಿಯೇ ಕಲ್ಲು ಬೀರಿ ಶಾಲೆಯ ಹೆಂಚೊಂದನ್ನು ಒಡೆದರು. ದನಗಾಹಿ ಯುಗದ ಮೇಕೆ ಹೆಡ್‌ಮಾಸ್ತರು ಇಟ್ಟಿದ್ದ ಹಾರವನ್ನು ತಿಂದಿತು. ಸಾಹೇಬರು ಎರಡನ್ನೂ ಪಾಠದ ಭಾಗವೆಂದೇ ತಿಳಿದು ತಲೆದೂಗಿದರು. ಆಮೇಲೆ ಮೂರನೆಯ ಯುಗ ಬಂತು.

ಜರಿ ರುಮಾಲಿನ ಚೆನ್ನವೀರ ಒಂದು ಕೈಯಲ್ಲಿ ಬಾರುಕೋಲು, ಇನ್ನೊಂದರಲ್ಲಿ ನೇಗಿಲ ಮೇಳಿ ಹಿಡಿದಿದ್ದ. ಮುಂದೆ ಬರಿಮೈಯ ಇಬ್ಬರು ಹುಡುಗರು, ಹೆಗಲ ಮೇಲೆ ಅಡ್ಡಲಾಗಿ ಬಿದಿರಿನ ಗಳು, ಅದಕ್ಕೆ ಹಗ್ಗ. ಚೆನ್ನವೀರನಿಗೆ ನೇಗಿಲು ಹಿಡಿದು ಗೊತ್ತಿರಲಿಲ್ಲ. ಕಬ್ಬಿಣದ ಗುಳ ಮಣ್ಣಿಗೆ ಇಳಿಯದೆ ಹೊರಳಿ ಹೊರಳಿ ಬೀಳುತ್ತಿತ್ತು. ಬಲಗಡೆಯ ಎತ್ತು ಹಿಂತಿರುಗದೆಯೇ ಹಲ್ಲು ಕಚ್ಚಿ ಹೇಳಿತು: "ಮೇಳಿ ಒತ್ತಿ ಹಿಡಿಲೇ ಚೆನ್ನ! ಎದಿ ಕೊಟ್ಟು ಒತ್ತಲೇ!" ಹೆಡ್‌ಮಾಸ್ತರು ನನ್ನ ಕಿವಿಯಲ್ಲಿ, "ಎತ್ತು ಮಾತಾಡಬಾರದು ಅಂತ ಹೇಳಿಕೊಟ್ಟಿಲ್ಲವೇನ್ರೀ?" ಎಂದು ಸಿಡುಕಿದರು. ಆದರೆ ಒತ್ತಿದ ಮೇಲೆ ಗುಳ ಇಳಿಯಿತು, ನೇಗಿಲು ನಡೆಯಿತು, ಶಾಲೆಯ ಗಟ್ಟಿ ಅಂಗಳದಲ್ಲಿ ಒಂದು ಸಾಲು ಮೂಡಿತು. ಹುಡುಗರ ಕತ್ತಿನ ನರ ಉಬ್ಬಿದ್ದವು. ಸಾಹೇಬರು ಎದ್ದು ನಿಂತು ಚಪ್ಪಾಳೆ ತಟ್ಟಿದರು.

"ಬಹಳ ಸೊಗಸು! ಎತ್ತುಗಳ ಬದಲಿಗೆ ಮಕ್ಕಳನ್ನೇ ಉಪಯೋಗಿಸಿದ್ದು ಹೊಸ ಪದ್ಧತಿ. ನಿಲ್ಲಿ, ಹಾಗೆಯೇ ನಿಲ್ಲಿ, ಏನನ್ನೂ ಬಿಚ್ಚಬೇಡಿ. ಈ ದೃಶ್ಯದಲ್ಲಿಯೇ ಪ್ರಶ್ನೆ ಕೇಳುತ್ತೇನೆ." ಜರಿ ರುಮಾಲಿನ ಕಡೆ ತಿರುಗಿದರು. "ಹೇಳು ರೈತನೇ, ಮನುಷ್ಯ ಮೊದಲು ಹೇಗೆ ಬದುಕುತ್ತಿದ್ದ?"

ಚೆನ್ನವೀರ ಆಕಾಶ ನೋಡಿದ. ನಾನು ಭೂಮಿ ನೋಡಿದೆ. ಆಗ ನೊಗದ ಕೆಳಗಿನಿಂದ ಪಿಸುಮಾತು ಬಂತು: "ಬೇಟೆಯಾಡಿ." ಚೆನ್ನವೀರ, "ಬೇಟೆಯಾಡಿ," ಎಂದು ಕೂಗಿದ. ಆಮೇಲೆ? "ದನ ಕಾಯ್ದು." "ದನ ಕಾಯ್ದು!" ರೈತ ಯಾವಾಗ ಹೊಲಕ್ಕೆ ಹೋಗುತ್ತಾನೆ? ಎತ್ತು ಏದುಸಿರು ಬಿಡುತ್ತಾ, "ಹಕ್ಕಿಗಳ ಚಿಲಿಪಿಲಿ ಕೇಳುತ್ತಾ ಮುಂಜಾನೆ," ಎಂದಿತು. ರೈತ ಅದನ್ನೇ ಜೋರಾಗಿ ಹೇಳಿದ. ಸಾಹೇಬರಿಗೆ ಪರಮಾನಂದ. "ಕೊನೆಯ ಪ್ರಶ್ನೆ. ರೈತನ ಜೀವನ ಎಂಥದ್ದು?"

ಪಂಪಾಪತಿ ಗಳುವನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಸರಿಸಿಕೊಂಡು ಹೇಳಿಕೊಟ್ಟ: "ಸರಳ, ಆರೋಗ್ಯಕರ ಮತ್ತು ಸಂತೋಷಮಯ."

ಯಾಕೆ ಹೇಳಿಕೊಟ್ಟ? ಇಷ್ಟು ವರ್ಷಗಳಿಂದ ಕಾರಣ ಕಟ್ಟುತ್ತಲೇ ಇದ್ದೇನೆ. ಗೆಳೆಯ ಬಾಯಿ ಬಿಡುವುದನ್ನು ನೋಡಲಾರದೆ ಎಂದು ಕೆಲವು ಸಲ ಅನ್ನಿಸುತ್ತದೆ. ಅದು ಬಹಳ ಚೆಂದ, ಆದ್ದರಿಂದ ಅನುಮಾನ. ಒಡೆಯರ ಮಗ ಎಂಬ ಹೆದರಿಕೆ ಎಂದರೆ ಅದು ಭಾಷಣವಾಗುತ್ತದೆ. ಪ್ರಶ್ನೆ ಬಿದ್ದ ಕೂಡಲೇ ಉತ್ತರ ಕಕ್ಕುವಂತೆ ನಾನು ತಿಂಗಳುಗಟ್ಟಲೆ ಅವನನ್ನು ಪಳಗಿಸಿದ್ದೆ, ಅಷ್ಟೇ ಇದ್ದೀತು. ಪ್ರಶ್ನೆ ಯಾರಿಗೆ ಬಿತ್ತು ಎಂದು ನೋಡುವುದನ್ನು ಕಲಿಸಿರಲಿಲ್ಲ.

ನಾನು ಬಾಯಿ ತೆರೆದೆ. ನಿಜಕ್ಕೂ ತೆರೆದೆ. "ಸಾರ್, ಆ ಬಲಗಡೆಯ ಹುಡುಗನನ್ನೂ ಒಂದು ಮಾತು ಕೇಳಿದರೆ..." ಎಂದೆ. ಸಾಹೇಬರು ಪ್ರೀತಿಯಿಂದ ನನ್ನ ಬೆನ್ನು ತಟ್ಟಿದರು. "ಎತ್ತುಗಳು ಬಹಳ ದಣಿದಿವೆ ಮಾಸ್ತರೇ. ಅವಕ್ಕೆ ವಿಶ್ರಾಂತಿ ಕೊಡಿ." ಎಲ್ಲರೂ ನಕ್ಕರು. ರೈತನ ತಂದೆ ರೈತರೇ ತಾನೆ ಎಂದು ಅವರು ಒಮ್ಮೆ ಖಚಿತಪಡಿಸಿಕೊಂಡರು. ಹೊಲದ ಪಟ್ಟಾ ಅವರ ಹೆಸರಿನಲ್ಲೇ ಇದೆ ಎಂದರು ಹೆಡ್‌ಮಾಸ್ತರು. ಅದು ಸುಳ್ಳಲ್ಲ. ಸರ್ಕಾರದ ಕಣ್ಣಿಗೆ ಪಟ್ಟಾ ಇದ್ದವನೇ ರೈತ. ಈರಣ್ಣನ ಹೆಸರಿನಲ್ಲಿ ಇದ್ದದ್ದು ಎರಡು ಎತ್ತು, ಅವೂ ಆ ದಿನ ವಿಭೂತಿ ಹಚ್ಚಿಕೊಂಡು ಮನೆಯಲ್ಲಿ ಮಲಗಿದ್ದವು. ಹೊಸಪೇಟೆಯ ಜಾಗ ಚೆನ್ನವೀರನಿಗೆ ಆಯಿತು. ಅವನು ಅಳುಮುಖ ಮಾಡಿಕೊಂಡು, "ನಾ ಹೋಗಂಗಿಲ್ಲ, ಅಲ್ಲಿ ಪಂಪಾ ಇರಂಗಿಲ್ಲ," ಎಂದದ್ದು ನನ್ನನ್ನೂ ಪಂಪಾಪತಿಯನ್ನೂ ಬಿಟ್ಟು ಯಾರಿಗೂ ಕೇಳಿಸಲಿಲ್ಲ.

ಮಂಗಳವಾರ ಬೆಳಿಗ್ಗೆ ಇನ್ನೂ ಗಂಟೆ ಹೊಡೆದಿರಲಿಲ್ಲ. ಗೆಜ್ಜೆಯ ಸದ್ದು ಕೇಳಿ ಹೊರಗೆ ಬಂದೆ. ಈರಣ್ಣ ಎತ್ತುಗಳ ಕೊಂಬು ಒರೆಸಿ, ಗೊಂಡೆ ಕಟ್ಟಿ, ನೇಗಿಲು ಹೂಡಿಕೊಂಡೇ ಅಂಗಳಕ್ಕೆ ತಂದು ನಿಲ್ಲಿಸಿದ್ದ. ಹೆಗಲ ಮೇಲೆ ಒಗೆದ ವಲ್ಲಿ.

"ಇವತ್ತು ಮಂಗಳಾರ ಮಾಸ್ತರ್ರ. ಮೊನ್ನಿ ಸಿಟ್ಟಿನಾಗ ಏನೇನೋ ಅಂದೆ, ಮನಸಿನಾಗ ಇಟ್ಕಾಬ್ಯಾಡ್ರಿ. ಎತ್ತು ತಂದೀನಿ. ಕರೀರಿ ಸಾಹೇಬ್ರನ್ನ."

ನನ್ನ ಗಂಟಲು ಕಟ್ಟಿತು ಎಂದು ಬರೆಯಬಹುದಿತ್ತು. ಕಟ್ಟಲಿಲ್ಲ. ಸರಾಗವಾಗಿಯೇ ಹೇಳಿದೆ: "ಸಾಹೇಬರು ಹಂಪಿ ನೋಡಲು ಹೋದರು ಈರಣ್ಣ. ಪಾಠ ನಿನ್ನೆಯೇ ಮುಗಿಯಿತು."

"ಎತ್ತಿಲ್ದ?"

ಪಂಪಾಪತಿ ಅಷ್ಟರಲ್ಲಿ ಬಂದಿದ್ದ. ಮನೆಯಲ್ಲಿ ಅವನು ಏನೂ ಹೇಳಿರಲಿಲ್ಲವೆಂದು ಆಗ ತಿಳಿಯಿತು. ಈರಣ್ಣ ಮಗನ ಅಂಗಿಯ ಕೊರಳಪಟ್ಟಿ ಸರಿಸಿದ. ಎತ್ತಿನ ಹೆಗಲು ನೋಡುವವರು ನೋಡುವ ಹಾಗೆ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿದ. ಚರ್ಮ ಕೆಂಪಗೆ ಸುಲಿದಿತ್ತು.

"ಸೀಟು ಯಾರಿಗಾತ್ರಿ?"

"ಚೆನ್ನವೀರನಿಗೆ."

"ಅವ ಎಳದನೇನ್ರಿ?"

"ಇಲ್ಲ."

"ಮತ್ತ ಅವ ಹೇಳಿದನೇನ್ರಿ?"

ನಾನು ಉತ್ತರ ಕೊಡಲಿಲ್ಲ. ಪಂಪಾಪತಿಯೂ ಕೊಡಲಿಲ್ಲ, ಪ್ರಶ್ನೆ ಯಾರಿಗೆ ಬಿತ್ತು ಎಂದು ನೋಡುವುದನ್ನು ಅವನು ಆಗಲೇ ಕಲಿತಿದ್ದ. ಈರಣ್ಣ ವಲ್ಲಿಯನ್ನು ಮಡಚಿ ಮಗನ ಹೆಗಲ ಮೇಲೆ, ಗಾಯದ ಮೇಲೆ ಬರುವಂತೆ ಹಾಕಿದ. "ಸೋಮಾರ ಹೂಡಿದ್ರ ಹಿಂಗ ಆಗ್ತೈತಿ," ಅಂದ. ಸಿಟ್ಟಿರಲಿಲ್ಲ, ಕಟ್ಟಳೆಯನ್ನು ತಿಳಿಸುವ ದನಿ. ಆಮೇಲೆ, "ಬಾರಲೇ, ಹ್ಯಾಂಗೂ ಹೂಡೀನಿ, ತ್ವಾಟದ ಕಡೆ ಹೋಗೂಣು," ಎಂದು ಬಾರುಕೋಲನ್ನು ಅವನ ಕೈಗೆ ಕೊಟ್ಟ. ಎತ್ತುಗಳು ತಿರುಗಿದವು. ಹುಡುಗ ಅಂಗಳದ ತುದಿಯಲ್ಲಿ ತಿರುಗಿ ನನ್ನನ್ನು ನೋಡಿದನೇ? ನೋಡಿದ ಎಂದು ಹೇಳಿದರೆ ನಿಮಗೂ ನನಗೂ ಸಮಾಧಾನ. ನನಗೆ ಗೊತ್ತಿಲ್ಲ. ಆ ಹೊತ್ತಿಗೆ ಹೆಡ್‌ಮಾಸ್ತರು ಒಳಗಿನಿಂದ ನನ್ನ ಹೆಸರು ಹಿಡಿದು ಕೂಗಿದ್ದರು. ಸಾಹೇಬರು ನನ್ನ ಬಗ್ಗೆ ಒಳ್ಳೆಯ ಮಾತು ಹೇಳಿ ಹೋಗಿದ್ದಾರೆ, ನಾನು ಖಾಯಂ ಆಗುತ್ತೇನೆ ಎಂದು ಹೇಳಲು. ನಾನು ಒಳಗೆ ಓಡಿದ್ದೆ.

ಖಾಯಂ ಆದೆ. ಜೊತೆಗೆ ಒಂದು ಮರ್ಯಾದೆಯೂ ಬಂತು. ಎತ್ತಿಲ್ಲದೆ ಒಕ್ಕಲುತನದ ಚರಿತ್ರೆ ಕಲಿಸುವ ಆ ಹೊಸ ಪದ್ಧತಿ ಸಾಹೇಬರಿಗೆ ಎಷ್ಟು ಹಿಡಿಸಿತ್ತೆಂದರೆ, ಸುತ್ತಲಿನ ಶಾಲೆಗಳಿಗೆಲ್ಲ ಅದನ್ನು ಮಾಡಿ ತೋರಿಸಲು ನನ್ನನ್ನೇ ಕಳಿಸಿದರು. ಅಲ್ಲೆಲ್ಲ ಸೋಮವಾರದ ತೊಡಕೇನೂ ಇರಲಿಲ್ಲ. ಬೇಲಿಯ ಆಚೆ ಎತ್ತುಗಳು ಮೆಲುಕು ಹಾಕುತ್ತಾ ನಿಂತಿದ್ದರೂ ಪದ್ಧತಿ ಪದ್ಧತಿಯೇ. ಮೊದಲು ಹೋದದ್ದು ದರೋಜಿ ಕಡೆಯ ಒಂದು ಊರಿಗೆ. ಅಲ್ಲಿಯ ಮಾಸ್ತರು ಬಡಪಾಯಿ, ನನಗಿಂತ ಚಿಕ್ಕವನು, ಅವನೂ ಹಂಗಾಮಿ. "ಬರ್ರಿ, ಕುಂದರ್ರಿ," ಎಂದು ಉಪಚಾರ ಮಾಡಿ, ಪಾಠಕ್ಕೆ ಏನೇನು ಸಿದ್ಧ ಮಾಡಬೇಕು ಎಂದು ಕೇಳಿದ. ನೇಗಿಲು, ಹಗ್ಗ, ಗಳು, ಒಂದು ಜರಿ ರುಮಾಲು ಎಂದೆ. ರೈತನಾಗಲು ಎಂಥ ಹುಡುಗ ಬೇಕು ಎಂದ. ಯಾರಾದರೂ ಆದೀತು, ದೊಡ್ಡವರ ಮನೆಯವನಾದರೆ ಒಳ್ಳೆಯದು ಎಂದೆ.

"ಎತ್ತುಗಳಿಗೆ ಗಟ್ಟಿ ಆಳು ನೋಡ್ಲೇನ್ರಿ?"

"ಗಟ್ಟಿ ಇದ್ದರೆ ಸಾಲದಪ್ಪಾ," ಎಂದೆ, ಅನುಭವಸ್ಥನ ಹಾಗೆ. "ನಿನ್ನ ಶಾಲೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಓದುವ ಹುಡುಗರು ಯಾರು, ಅವರನ್ನು ಕರಿ."